ವಿಯೆನ್ನಾ ತಂಡಕ್ಕೆ, ಹೊರಡುವ ಮುಂಚೆ

ಎಲ್ಲರಿಗೂ ನಮಸ್ಕಾರ. ವಿಮಾನ ನಿಲ್ದಾಣಕ್ಕೆ ಬಸ್ಸು ಶುಕ್ರವಾರ ರಾತ್ರಿ 9ಕ್ಕೆ ತುಮಕೂರಿನ ನಮ್ಮ ಕಾಲೇಜು ಗೇಟಿನಿಂದ ಹೊರಡುತ್ತದೆ. ಕ್ಯಾತ್ಸಂದ್ರದವರು ಅಲ್ಲೇ ಹತ್ತಿಕೊಳ್ಳಿ. ಪಾಸ್‌ಪೋರ್ಟ್, ವಿಮೆ ಕಾಗದ ಕೈಚೀಲದಲ್ಲೇ ಇರಲಿ.

ಬೆಲ್ವೆಡೇರ್ ಅರಮನೆಯಲ್ಲಿ ಕ್ಲಿಮ್ಟ್ ಬರೆದ 'ಮುತ್ತು' (ಅಂದರೆ ಚುಂಬನ) ಚಿತ್ರದ ಮುಂದೆ ದಯವಿಟ್ಟು ಅವಸರ ಮಾಡಬೇಡಿ. 1908ರಲ್ಲಿ ಪ್ರದರ್ಶನಕ್ಕಿಟ್ಟ ಚಿತ್ರ ಅದು, ನಿಜವಾದ ಚಿನ್ನದ ರೇಕು ಹಚ್ಚಿದ್ದಾರೆ. ಫೋನಿನಲ್ಲಿ ಆ ಹೊಳಪು ಬರುವುದೇ ಇಲ್ಲ. ಮೊದಲು ಕಣ್ತುಂಬ ನೋಡಿ, ಫೋಟೊ ಆಮೇಲೆ.

ಒಪೆರಾಗೆ, ಅಂದರೆ ಹಾಡಿನಲ್ಲೇ ನಡೆಯುವ ನಾಟಕಕ್ಕೆ, ನಿಂತು ನೋಡುವ ಅಗ್ಗದ ಟಿಕೆಟ್ ತೆಗೆದುಕೊಳ್ಳೋಣ. ಜಾಸ್ತಿ ಹೊತ್ತು ನಿಲ್ಲಬೇಕು, ಮೆತ್ತನೆ ಶೂ ತನ್ನಿ. ರಾತ್ರಿಯಿಡೀ ಪೌರಾಣಿಕ ನಾಟಕ ನೋಡುವ ಸೀಮೆಯವರು ನಾವು, ಆಗುತ್ತದೆ ಅಲ್ವಾ?

ಅಲ್ಲಿನ ಷ್ನಿಟ್ಸೆಲ್ ಅನ್ನೋ ಕರಿದ ತಿನಿಸು ಕರುವಿನ ಮಾಂಸದ್ದು. ಸಸ್ಯಾಹಾರಿಗಳು ಸೇಬಿನ ಸ್ಟ್ರೂಡೆಲ್ (ತೆಳು ಹಿಟ್ಟಿನ ಹಾಳೆಯಲ್ಲಿ ಸೇಬು ಸುತ್ತಿ ಬೇಯಿಸಿದ ಸಿಹಿ) ತಿನ್ನಿ, ಬಿಸಿಬಿಸಿ ಇದ್ದಾಗಲೇ. ಚಟ್ನಿಪುಡಿ ಯಾರು ತರುತ್ತೀರಿ, ಇಲ್ಲೇ ಹೇಳಿ.