ನನ್ನ ಎಡಗೈ ಕಾಪಾಡಿದವರಿಗೆ ಥ್ಯಾಂಕ್ಸ್

ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಈ ತಿಂಗಳಿಗೆ ಎರಡು ವರ್ಷ ತುಂಬಿತು. ಚೆಕಪ್‌ನಲ್ಲಿ ಎಲ್ಲ ಸರಿಯಾಗಿದೆ ಅಂದರು. ಕೀಮೋ ಹೊತ್ತಿನಲ್ಲಿ ಊಟ ಕಳಿಸಿದವರಿಗೆ, ಮನೆ ನೋಡಿಕೊಂಡವರಿಗೆ ಒಬ್ಬೊಬ್ಬರಿಗೇ ಹೇಳಿದ್ದೇನೆ. ಇಲ್ಲಿ ಬರೆಯುತ್ತಿರುವುದು ಬೇರೆ ಋಣ. ನನ್ನ ಎಡಗೈ ಇವತ್ತು ಕೈಯಾಗಿ ಉಳಿದಿದೆ ಅಂದರೆ ಕೆಲವರ ಕಣ್ಣು ಚುರುಕಾಗಿದ್ದರಿಂದ.

ಆಪರೇಷನ್‌ನಲ್ಲಿ ಗಡ್ಡೆಯ ಜೊತೆ ಕಂಕುಳಿನ ಲಿಂಫ್ ಗ್ರಂಥಿಗಳನ್ನೂ ತೆಗೆದರು. ಕಾಯಿಲೆ ಅಲ್ಲಿಗೂ ಹೋಗಿತ್ತು. ಕೈಯಲ್ಲಿ ಸೇರುವ ತೆಳು ದ್ರವ ಈ ಗ್ರಂಥಿಗಳನ್ನು ಹಾದು ರಕ್ತಕ್ಕೆ ವಾಪಸ್ ಹೋಗಬೇಕು. ಗ್ರಂಥಿ ಹೋಗಿ, ಮೇಲಿಂದ ಕಂಕುಳಿಗೆ ಕರೆಂಟೂ (ರೇಡಿಯೇಷನ್) ಕೊಟ್ಟರೆ ಆ ದಾರಿ ಕೆಡುತ್ತದೆ. ದ್ರವ ಕೈಯಲ್ಲೇ ನಿಂತು ಬಾವು ಬರುತ್ತದೆ. ಅದೇ ಲಿಂಫೆಡೀಮಾ. ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಬರುತ್ತದೆ. ಒಂದೆರಡು ಗ್ರಂಥಿ ಮಾತ್ರ ತೆಗೆದು ಪರೀಕ್ಷೆ ಮಾಡಿಸಿಕೊಂಡವರಿಗೆ ಈ ಕಾಟ ತುಂಬ ಕಡಿಮೆ. ಹೆಚ್ಚಿನವರಿಗೆ ಮೊದಲ ಎರಡು ವರ್ಷದಲ್ಲೇ ಕಾಣಿಸಿಕೊಳ್ಳುತ್ತದೆ, ಆದರೆ ಎಷ್ಟೋ ವರ್ಷದ ಮೇಲೂ ಬರಬಹುದು. ಹಾಗಾಗಿ ನಾನಿನ್ನೂ ಕೈ ನೋಡಿಕೊಳ್ಳುವುದು ಬಿಟ್ಟಿಲ್ಲ.

ಮೊದಲ ಥ್ಯಾಂಕ್ಸ್ ವಾರ್ಡಿನ ಸಿಸ್ಟರ್‌ಗೆ. ಡಿಸ್ಚಾರ್ಜ್ ದಿನ ಮಂಚದ ಪಕ್ಕ ಕೂತು, “ಕೈ ನೋವು ಅಂದ್ರೆ ಒಂದೇ ನೋವಲ್ಲ ಅಕ್ಕಾ” ಅಂತ ಶುರು ಮಾಡಿದರು. ತೋಳಿನ ಒಳಬದಿ ಜೋಮು, ಉರಿ, ಚುಚ್ಚಿದ ಹಾಗೆ ಆಗೋದು ನರದ್ದು. ಆಪರೇಷನ್‌ನಲ್ಲಿ ಅಲ್ಲಿನ ನರಕ್ಕೆ ಪೆಟ್ಟಾಗಿರುತ್ತದೆ, ನಿಧಾನಕ್ಕೆ ಕಡಿಮೆಯಾಗುತ್ತದೆ, ಕೆಲವರಿಗೆ ಸ್ವಲ್ಪ ಜೋಮು ಉಳಿದೇ ಬಿಡುತ್ತದೆ. ಕೈ ಭಾರ, ಬಿಗಿತ, ಸಂಜೆ ಹೊತ್ತಿಗೆ ತುಂಬಿಕೊಂಡ ಅನುಭವ ಬಂದರೆ ಅದು ಬೇರೆ. ಕಣ್ಣಿಗೆ ಬಾವು ಕಾಣುವ ಮೊದಲೇ ಈ ಭಾರ ಬರಬಹುದು, ಆಗಲೇ ಬನ್ನಿ ಅಂದರು. ಇಷ್ಟು ಬಿಡಿಸಿ ಹೇಳುವವರು ಎಷ್ಟು ಜನ ಸಿಗ್ತಾರೆ?

ಕೆಲವು ವಾರ ಕಳೆದ ಮೇಲೆ ಕೈ ಎತ್ತಿದರೆ ಕಂಕುಳಿಂದ ಮೊಣಕೈವರೆಗೆ ಬಿಗಿದ ತಂತಿಯ ಹಾಗೆ ಎದ್ದು ಕಾಣತೊಡಗಿತು. ತಲೆ ಬಾಚಲು ಆಗದಷ್ಟು ಎಳೆತ. ಫಿಸಿಯೋಥೆರಪಿಯ ಹುಡುಗಿ ಒಂದೇ ಸಲ ಮುಟ್ಟಿ, “ಇದು ಕಾರ್ಡಿಂಗ್, ಹೆದರಬೇಡಿ ಆಂಟಿ” ಅಂದಳು. ಗೋಡೆ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಹೇಳಿಕೊಟ್ಟಳು. ದಿನಾ ಮಾಡಿದೆ, ಹೋಯಿತು.

ಇನ್ನು ನಮ್ಮ ಟೈಲರಮ್ಮ. ಇವರಿಗೆ ಎಷ್ಟು ಹೇಳಿದರೂ ಸಾಲದು. ಮದುವೆಗೆಂದು ಬ್ಲೌಸ್ ಹೊಲಿಸಲು ಸಾಗರದ ಪೇಟೆಗೆ ಹೋಗಿದ್ದೆ. ಟೇಪ್ ಸುತ್ತಿದವರು ಮತ್ತೆ ಸುತ್ತಿದರು. ಹಳೇ ಅಳತೆ ಪುಸ್ತಕ ತೆಗೆದರು. “ಅಕ್ಕಾ, ಮೊದಲು ಎರಡೂ ತೋಳು ಒಂದೇ ಅಳತೆ ಇತ್ತು. ಈಗ ಎಡದ್ದು ಅರ್ಧ ಇಂಚು ಜಾಸ್ತಿ ಬರ್ತಿದೆ, ಡಾಕ್ಟರಿಗೆ ತೋರಿಸಿ.” ಬೆಳಗ್ಗೆ ಎದ್ದಾಗ ಕೈ ಸರಿ ಇರುತ್ತಿತ್ತು. ಸಂಜೆ ವಾಚಿನ ಪಟ್ಟಿಯ ಗುರುತು ಆಳವಾಗಿ ಉಳಿಯುತ್ತಿತ್ತು, ಎಡಗೈಯ ಬಳೆ ಮಾತ್ರ ಬಿಗಿ. ಶುರುವಿನ ಹಂತ ಹೀಗೇ ಇರುತ್ತದಂತೆ. ಡಾಕ್ಟರು ಮೊದಲು ಸ್ಕ್ಯಾನ್ ಮಾಡಿಸಿ, ರಕ್ತನಾಳದಲ್ಲಿ ಹೆಪ್ಪುಗಟ್ಟಿಲ್ಲ, ಕಾಯಿಲೆ ಮರಳಿಲ್ಲ ಅಂತ ಖಚಿತ ಮಾಡಿಕೊಂಡರು. ಕೈಯನ್ನು ಹಲವು ಕಡೆ ಅಳೆದರು. ಎರಡು ಕೈಗೂ 2 ಸೆಂಟಿಮೀಟರ್ ವ್ಯತ್ಯಾಸ ಬಂದರೆ ಲಿಂಫೆಡೀಮಾ ಅಂತ ಹಿಡಿಯುವ ರೂಢಿ ಇದೆ. ನನ್ನದು ಅಲ್ಲಿಗೆ ಮುಟ್ಟುವ ಮೊದಲೇ ಸಿಕ್ಕಿಬಿತ್ತು. ಚರ್ಮದ ಕೆಳಗೆ ಗಟ್ಟಿಯಾದ ಮೇಲೆ ಇಳಿಸುವುದು ಕಷ್ಟ.

ಆಮೇಲೆ ಬಾವು ತಡೆಯಲು ಕೈಗೆ ಏರಿಸುವ, ಅಳತೆಗೆ ಸರಿಯಾದ ಬಿಗಿ ಸ್ಲೀವ್ ಬಂತು, ಹಗುರವಾದ ಮಸಾಜ್ ಬಂತು. ಎಣ್ಣೆ ಹಚ್ಚಿ ತಿಕ್ಕುವ ಮಸಾಜ್ ಅಲ್ಲ, ಚರ್ಮ ಸುಮ್ನೆ ಸರಿಯುವಷ್ಟು ಮಾತ್ರ. ಬೆಳಗ್ಗೆ ಸ್ಲೀವ್ ಏರಿಸುವುದು ನಮ್ಮನೆಯವರ ಕೆಲಸ. ಭಾನುವಾರ ಟೇಪ್ ಹಿಡಿದು ಅಳೆದು, ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಬರೆಯುತ್ತಾರೆ. ಅವರಿಗೆ ಥ್ಯಾಂಕ್ಸ್ ಹೇಳಿದರೆ ನಗ್ತಾರೆ, ಆದರೂ ಹೇಳಿದ್ದೇನೆ.

ಅಡಿಕೆ ಸುಲಿಯುವ ಹೆಂಗಸರಿಗೂ ಒಂದು ಮಾತು. ಮೆಟ್ಟುಗತ್ತಿಯ ಹತ್ತಿರ ನನ್ನನ್ನು ಕೂರಿಸದೆ, ಆರಿಸುವ ಕೆಲಸ ಕೊಟ್ಟಿರಿ. ಗ್ರಂಥಿ ಇಲ್ಲದ ಕೈಗೆ ಸಣ್ಣ ಗಾಯವೂ ದೊಡ್ಡದಾಗಬಹುದು. ಮಳೆಗಾಲದಲ್ಲಿ ಉಣುಗು ಕಚ್ಚಿದ್ದಕ್ಕೇ ಕೈ ಕೆಂಪಗಾಗಿ, ಬಿಸಿಯಾಗಿ, ಚಳಿ ಜ್ವರ ಬಂತು. ಇಂಥದ್ದು ಬೆಳಗಿನವರೆಗೆ ಕಾಯುವ ವಿಷಯವಲ್ಲ. ರಾತ್ರಿಯೇ ಜೀಪು ತೆಗೆದು ಆಸ್ಪತ್ರೆಗೆ ಮುಟ್ಟಿಸಿದ ಪಕ್ಕದ ಮನೆಯ ತಮ್ಮನ ಉಪಕಾರ ದೊಡ್ಡದು. ಆ್ಯಂಟಿಬಯಾಟಿಕ್ ಬೇಗ ಬಿದ್ದಿದ್ದರಿಂದ ಇಳಿಯಿತು.

ಇದು ಆನೆಕಾಲು ರೋಗನಾ, ಅಂಟುತ್ತಾ ಅಂತ ನೇರವಾಗಿ ಕೇಳಿದವರಿಗೂ ಥ್ಯಾಂಕ್ಸ್. ಬೆನ್ನ ಹಿಂದೆ ಮಾತಾಡೋದಕ್ಕಿಂತ ಇದು ಎಷ್ಟೋ ಮೇಲು ಅಲ್ವಾ? ಆನೆಕಾಲು ಸೊಳ್ಳೆಯಿಂದ ಹರಡುವ ಹುಳದಿಂದ ಬರುತ್ತದೆ. ನನ್ನದು ಆಪರೇಷನ್ನಿನಿಂದ ಬಂದದ್ದು, ಯಾರಿಗೂ ಅಂಟುವುದಿಲ್ಲ.

“ಕೊಡಪಾನ ಎತ್ತಲೇಬೇಡ” ಅಂತ ಗದರಿದ ದೊಡ್ಡಮ್ಮನ ಪ್ರೀತಿ ಗೊತ್ತು. ಆದರೆ 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಭಾರ ಎತ್ತಿದ ಹೆಂಗಸರ ಬಾವು ಹೆಚ್ಚಲಿಲ್ಲ ಅಂತ ಕಂಡುಬಂದಿದೆ. ಫಿಸಿಯೋ ಹುಡುಗಿ ಇದನ್ನು ಹೇಳಿ, ಸಣ್ಣ ತೂಕದಿಂದ ಶುರು ಮಾಡಿಸಿದಳು. ಈಗ ಅರ್ಧ ಕೊಡ ಎತ್ತುತ್ತೇನೆ ದೊಡ್ಡಮ್ಮಾ, ಬೈಬೇಡಿ.

ನಮ್ಮ ಕಡೆಯವರೊಬ್ಬರಿಗೆ ಮುಂದಿನ ತಿಂಗಳು ಇದೇ ಆಪರೇಷನ್ ಇದೆ. ಅವರನ್ನು ಈಗಲೇ ಕರೆದುಕೊಂಡು ಹೋಗಿ, ಎರಡೂ ತೋಳಿನ ಅಳತೆ ಬರೆಸಿ ಬಂದೆ. ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ. ಬ್ಲೌಸ್ ಪೀಸೇ ಇಲ್ಲದೆ ಬರೀ ಅಳತೆ ಕೊಡಲು ಬಂದವರನ್ನು ಚಹಾ ಕುಡಿಸಿ ಕಳಿಸಿದ್ದಕ್ಕೆ ಟೈಲರಮ್ಮ, ನಿಮಗೆ ಇನ್ನೊಂದು ಥ್ಯಾಂಕ್ಸ್.