ಫರಿಸಾಯರನ್ನು ಬೈಯುವ ಮುನ್ನ

ಪ್ರೀತಿಯ ಮಗಳೇ,

ಭಾನುವಾರ ಚರ್ಚಿನಲ್ಲಿ ಮಾಡುವ ಪ್ರಸಂಗಕ್ಕೆ ನೀನು ಬರೆದ ಕರಡು ಓದಿದೆ. ಭಾಷೆ ಸೊಗಸಾಗಿದೆ. ನನ್ನ ತಕರಾರು ಒಂದೇ: ಯೇಸುವನ್ನು ಒಂದು ಕಡೆ, ಯೆಹೂದ್ಯರನ್ನೆಲ್ಲ ಇನ್ನೊಂದು ಕಡೆ ನಿಲ್ಲಿಸಿಬಿಟ್ಟಿದ್ದೀಯ. ಯೇಸು ಯೆಹೂದ್ಯ, ಅವನ ಶಿಷ್ಯ ಪೇತ್ರ ಯೆಹೂದ್ಯ, ಅಪೊಸ್ತಲ ಪೌಲನಂತೂ ಯೆಹೂದ್ಯರ ನ್ಯಾಯಸಭೆಯಾದ ಹಿರೀಸಭೆಯ ಎದುರು ನಿಂತು ‘ನಾನು ಫರಿಸಾಯ’ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಥದವನು) ಎಂದೇ ಹೇಳಿಕೊಂಡವನು. ಪ್ರಸಂಗಪೀಠ ಹತ್ತಿದರೆ ಇದೆಲ್ಲ ನಮಗೆ ಯಾಕೋ ಮರೆತೇ ಹೋಗುತ್ತದೆ.

ನೀನು ಆರಿಸಿಕೊಂಡ ಮತ್ತಾಯನ ಸುವಾರ್ತೆಯ 19ನೇ ಅಧ್ಯಾಯವನ್ನೇ ನೋಡು. ಯಾವ ಕಾರಣಕ್ಕಾದರೂ ಹೆಂಡತಿಯನ್ನು ಬಿಡಬಹುದೇ ಎಂದು ಫರಿಸಾಯರು ಕೇಳುತ್ತಾರೆ. ಅದು ಅವರೊಳಗೇ ಕುದಿಯುತ್ತಿದ್ದ ಪ್ರಶ್ನೆ. ವಿಚ್ಛೇದನದ ಬಗ್ಗೆ ಹೇಳುವ ಧರ್ಮೋಪದೇಶಕಾಂಡ 24ರ ಮೊದಲ ವಚನಕ್ಕೆ ಅರ್ಥ ಹೇಳುವಾಗ, ಹೆಂಡತಿ ನಡತೆಗೆಟ್ಟಿದ್ದರೆ ಮಾತ್ರ ಬಿಡಬಹುದು ಎಂದಿತು ಶಮ್ಮಾಯಿ ಎಂಬ ಯೆಹೂದ್ಯ ಗುರುವಿನ ಪಂಥ. ಅಡುಗೆ ಸೀಯಿಸಿದರೂ ಸಾಕು ಎಂದಿತು ಹಿಲ್ಲೆಲನೆಂಬ ಇನ್ನೊಬ್ಬ ಗುರುವಿನ ಪಂಥ! ಯೆಹೂದ್ಯ ಗುರುಗಳ ಧರ್ಮವಿಧಿಗಳ ಸಂಗ್ರಹವಾದ ಮಿಷ್ನಾದಲ್ಲಿ ಎರಡೂ ಅಕ್ಕಪಕ್ಕದಲ್ಲೇ ದಾಖಲಾಗಿವೆ. ಮತ್ತಾಯನ ಪ್ರಕಾರ ಯೇಸುವಿನ ಉತ್ತರ ಶಮ್ಮಾಯಿಯ ಕಡೆಗೆ ವಾಲುತ್ತದೆ. ಮಾರ್ಕನ ಸುವಾರ್ತೆಯಲ್ಲಿ ಅಷ್ಟು ವಿನಾಯಿತಿಯೂ ಇಲ್ಲ. ದೇವರು ಗಂಡು ಹೆಣ್ಣಾಗಿ ಸೃಷ್ಟಿಸಿದನೆಂಬ ಆದಿಕಾಂಡದ ಮಾತನ್ನು ಯೇಸು ಆಧಾರವಾಗಿ ಎತ್ತಿಕೊಳ್ಳುತ್ತಾನಲ್ಲ, ಅದೇ ವಚನವನ್ನು ಮೃತ ಸಮುದ್ರದ ದಡದ ಕುಮ್ರಾನ್ ಎಂಬ ಯೆಹೂದ್ಯ ಪಂಥದವರೂ ಇಬ್ಬರು ಹೆಂಡಿರನ್ನು ಕಟ್ಟಿಕೊಳ್ಳುವುದರ ವಿರುದ್ಧ ಬಳಸಿದ್ದರು. ಶಾಸ್ತ್ರಕ್ಕೆ ಶಾಸ್ತ್ರವನ್ನೇ ಎದುರಿಟ್ಟು ವಾದಿಸುವುದು ಅವರೆಲ್ಲರ ರೂಢಿ.

ಹಾಗಾದರೆ ಫರಿಸಾಯರನ್ನು ಬೈಯುವ ಮತ್ತಾಯ 23ರಲ್ಲಿ ಅಷ್ಟು ಬಿಸಿ ಏಕೆ ಎನ್ನುತ್ತೀಯ. ಕ್ರಿ.ಶ. 70ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯ ಕೆಡವಿದರು. ಮೋಶೆಯ ಧರ್ಮಶಾಸ್ತ್ರಕ್ಕೆ ನಿಜವಾದ ವಾರಸುದಾರರು ಯಾರು ಎಂಬ ಪ್ರಶ್ನೆ ಆಮೇಲೆ ಇನ್ನೂ ತೀಕ್ಷ್ಣವಾಯಿತು. ಈ ಸುವಾರ್ತೆ ಬರೆದದ್ದು ಆ ಕಾಲದಲ್ಲೇ ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅದು ದಾಯಾದಿಗಳ ಜಗಳದ ಮಾತು. ಮುಂದೆ ಕ್ರೈಸ್ತ ಸಭೆಯಲ್ಲಿ ಯೆಹೂದ್ಯರಲ್ಲದ ಅನ್ಯಜನರೇ ತುಂಬಿಕೊಂಡಾಗ ಅದೇ ಮಾತು ಹೊರಗಿನವರ ಕೈಗೆ ಬಡಿಗೆಯಾಯಿತು. ಕ್ರಿಸ್ತನ ಮರಣದ ಹೊಣೆಯನ್ನು ಯೆಹೂದ್ಯರೆಲ್ಲರ ಮೇಲೆ ಹೊರಿಸಬಾರದೆಂದು ವ್ಯಾಟಿಕನ್ ಅಧಿಕೃತವಾಗಿ ಸಾರಿದ್ದು 1965ರಲ್ಲಿ. ಎಷ್ಟು ತಡ ನೋಡು.

‘ಕಪಟಿಗಳ ಕುಲ’ ಎಂದು ಬರೆದ ಪ್ಯಾರಾವನ್ನು ದಯವಿಟ್ಟು ತೆಗೆದುಹಾಕು. ಅಲ್ಲಿ ಗಮಲಿಯೇಲನನ್ನು ತಂದುಕೋ. ಅಪೊಸ್ತಲರ ಕೃತ್ಯಗಳು 5ರಲ್ಲಿ ಅಪೊಸ್ತಲರನ್ನು ಕೊಲ್ಲಬೇಕೆಂದು ಹಿರೀಸಭೆ ರೇಗಿದ್ದಾಗ, ಇವರ ತಂಟೆಗೆ ಹೋಗಬೇಡಿ ಎಂದು ಎದ್ದು ನಿಂತವನು ಆತನೇ. ಅವನೂ ಫರಿಸಾಯ. ತಿದ್ದಿದ ಪ್ರತಿಯನ್ನು ಶುಕ್ರವಾರದೊಳಗೆ ಕಳಿಸಿದರೆ ಇನ್ನೊಮ್ಮೆ ನೋಡಿಕೊಡುತ್ತೇನೆ.

ನಿನ್ನ ದೊಡ್ಡಪ್ಪ