ಕೋರ್ಟ್ ಆಗಲ್ಲ ಅಂತು, ಇನ್ನು ಚೆಂಡು ನಿಮ್ಮ ಅಂಗಳದಲ್ಲಿ: ನ್ಯೂಯಾರ್ಕ್ ರಾಜ್ಯದ ಅಸೆಂಬ್ಲಿ ಸದಸ್ಯರಿಗೊಂದು ಬಹಿರಂಗ ಪತ್ರ

ಮಾನ್ಯ ಸದಸ್ಯರೇ, ನಮಸ್ಕಾರ.

ಕನ್ನಡದಲ್ಲೇ ಬರೀತಿದೀನಿ, ಇಲ್ಲಿರೋ ನಮ್ಮವರೂ ಓದ್ಲಿ ಅಂತ. ನಿಮ್ಮ ಆಫೀಸಿನೋರು ಟ್ರಾನ್ಸ್‌ಲೇಟ್ ಮಾಡ್ಕೊಳ್ತಾರೆ ಬಿಡಿ.

ಸಿಟಿಜನ್ ಅಲ್ಲದಿದ್ರೂ ನ್ಯೂಯಾರ್ಕ್ ಸಿಟಿ ಎಲೆಕ್ಷನ್‌ನಲ್ಲಿ ವೋಟ್ ಹಾಕ್ಬಹುದು ಅಂತ 2021ರ ಡಿಸೆಂಬರ್‌ನಲ್ಲಿ ಸಿಟಿ ಕೌನ್ಸಿಲ್ 33-14ರಲ್ಲಿ ಪಾಸ್ ಮಾಡಿತ್ತಲ್ಲ, ಗ್ರೀನ್ ಕಾರ್ಡ್ ಇರೋರು, ವರ್ಕ್ ಪರ್ಮಿಟ್ ಇರೋರು ಎಲ್ಲ ಸೇರಿ ಸುಮಾರು 8 ಲಕ್ಷ ಜನ, ಮೇಯರ್‌ಗೆ ಕೌನ್ಸಿಲ್‌ಗೆ ವೋಟ್ ಹಾಕ್ತೀವಿ ಅಂತ ಕಾಯ್ತಿದ್ರು. ಒಂದೇ ಒಂದು ಎಲೆಕ್ಷನ್ ಕೂಡ ಆಗ್ಲಿಲ್ಲ. 2022ರಲ್ಲಿ ಕೆಳಗಿನ ಕೋರ್ಟು, 2024ರಲ್ಲಿ ಅಪೀಲು ಕೋರ್ಟು ಆ ಕಾನೂನು ನಡೆಯಲ್ಲ ಅಂದ್ವು, ಕೊನೆಗೆ 2025ರ ಮಾರ್ಚ್‌ನಲ್ಲಿ ರಾಜ್ಯದ ಅತ್ಯುನ್ನತ ಕೋರ್ಟು 6-1ರಲ್ಲಿ ಕಥೆ ಮುಗಿಸ್ತು. ಆಮೇಲೆ ನೀವು ಈ ಬಗ್ಗೆ ಬಾಯಿ ಬಿಟ್ಟಿದ್ದು ನಾನಂತೂ ಕೇಳಿಲ್ಲ.

ತೀರ್ಪಿನ ಬಗ್ಗೆ ನನಗೆ ಜಗಳ ಇಲ್ಲ. ರಾಜ್ಯದ ಸಂವಿಧಾನದಲ್ಲಿ ವೋಟು ಸಿಟಿಜನ್‌ಗೆ ಅಂತಿದೆ, ಅದನ್ನ ಸಿಟಿ ಕೌನ್ಸಿಲ್ ತನ್ನಷ್ಟಕ್ಕೆ ತಾನೇ ದಾಟೋಕಾಗಲ್ಲ, ಅಷ್ಟೇ ಅವ್ರು ಹೇಳಿದ್ದು. ಸಂವಿಧಾನ ತಿದ್ದೋ ದಾರಿ ಇದ್ದೇ ಇದೆ, ಒಂದ್ಸಲ ರಾಜಧಾನಿ ಆಲ್ಬನಿಲಿ, ನಿಮ್ಮ ಶಾಸನಸಭೆಲಿ ಪಾಸ್ ಆಗ್ಬೇಕು, ಎಲೆಕ್ಷನ್ ಆಗಿ ಹೊಸ ಸಭೆ ಬಂದ್ಮೇಲೆ ಇನ್ನೊಂದ್ಸಲ ಪಾಸ್ ಆಗ್ಬೇಕು, ಆಮೇಲೆ ಜನರ ಮುಂದೆ ಹೋಗ್ಬೇಕು. ವರ್ಷಗಟ್ಟಲೆ ಹಿಡಿಯೋ ಕೆಲಸ, ಅದಕ್ಕೇ ಈ ಅವಧಿಯಲ್ಲೇ ಶುರು ಮಾಡಿ ಅಂತಿರೋದು.

"ಅಷ್ಟು ಆಸೆ ಇದ್ರೆ ಸಿಟಿಜನ್ ಆಗ್ಬಿಡಿ" ಅಂತಾರೆ ಸುಮಾರು ಜನ. ಅಲ್ಲ ಸ್ವಾಮಿ, ನಾವು ಬೇಡ ಅಂದ್ವಾ? ಎಷ್ಟೇ ಅರ್ಜಿ ಬಿದ್ದಿದ್ರೂ ಒಂದು ದೇಶದಲ್ಲಿ ಹುಟ್ಟಿದೋರಿಗೆ ವರ್ಷಕ್ಕೆ ಹೆಚ್ಚುಕಮ್ಮಿ 7 ಪರ್ಸೆಂಟ್ ಗ್ರೀನ್ ಕಾರ್ಡ್ ಅಷ್ಟೇ, ಇಂಡಿಯಾದಿಂದ ಕೆಲಸದ ಮೇಲೆ ಬಂದೋರ ಕ್ಯೂ ಎಷ್ಟುದ್ದ ಇದೆ ಅಂತ ನಿಮಗೂ ಗೊತ್ತು, ಅದು ಸಿಕ್ಕಿದ್ಮೇಲೂ ಸಾಮಾನ್ಯವಾಗಿ ಇನ್ನೈದು ವರ್ಷ, ಅಷ್ಟೊತ್ತಿಗೆ ಇಲ್ಲಿ ಹುಟ್ಟಿದ ಮಗು ತಾನೇ ವೋಟ್ ಹಾಕೋ ವಯಸ್ಸಿಗೆ ಬಂದಿರತ್ತೆ. ಸಿಟಿ ಇನ್‌ಕಮ್ ಟ್ಯಾಕ್ಸ್ ಮಾತ್ರ ಮೊದಲನೇ ಸಂಬಳದಿಂದಲೇ ಕಟ್ ಆಗತ್ತೆ, ಅದಕ್ಕೆ ಯಾವ ಕ್ಯೂನೂ ಇಲ್ಲ!

ಇದೇನು ಹೊಸ ಹುಚ್ಚು ಅಲ್ಲ. ಇದೇ ಸಿಟಿಲಿ 1969ರ ನಂತರ ಬಂದ ಸ್ಕೂಲ್ ಬೋರ್ಡ್‌ಗಳಿಗೆ ಸಿಟಿಜನ್ ಅಲ್ಲದ ಅಪ್ಪ ಅಮ್ಮಂದ್ರೂ ವೋಟ್ ಹಾಕ್ತಿದ್ರು, 2000ದ ದಶಕದ ಶುರುವಲ್ಲಿ ಬೋರ್ಡ್‌ಗಳನ್ನೇ ತೆಗೆಯೋವರೆಗೂ. ಮೇರಿಲ್ಯಾಂಡ್‌ನ ಟಕೋಮಾ ಪಾರ್ಕ್‌ನಲ್ಲಿ 90ರ ದಶಕದಿಂದ ನಡೀತಿದೆ. ಅಷ್ಟ್ಯಾಕೆ, ನಮ್ಮ ದೇಶದ ಪಾಸ್‌ಪೋರ್ಟ್ ಇಟ್ಕೊಂಡು ಬ್ರಿಟನ್‌ನಲ್ಲಿ ಸೆಟಲ್ ಆಗಿರೋ ಇಂಡಿಯನ್ನು ಕಾಮನ್‌ವೆಲ್ತ್ ಲೆಕ್ಕದಲ್ಲಿ ಅಲ್ಲಿನ ಪಾರ್ಲಿಮೆಂಟಿಗೇ ವೋಟ್ ಹಾಕ್ತಾನೆ, ನಾವಿಲ್ಲಿ ಕೇಳ್ತಿರೋದು ಕಸ, ಬಸ್ಸು, ಸ್ಕೂಲು, ಬಾಡಿಗೆ ವಿಷಯ ನೋಡ್ಕೊಳ್ಳೋರನ್ನ ಆರಿಸೋದು ಅಷ್ಟೇ.

ಆದ್ರೆ ಹಳೇ ಕಾನೂನನ್ನ ಹಾಗ್ಹಾಗೇ ತರಬೇಡಿ. ಸಿಟಿಲಿ 30 ದಿನ ಇದ್ರೆ ಸಾಕು, ವೋಟ್ ಹಾಕ್ಬಹುದು ಅನ್ನೋದು ನನಗೂ ಜಾಸ್ತಿ ಸಲೀಸು ಅನ್ಸಿತ್ತು, ವಿರೋಧಿಗಳಿಗೆ ಬೈಯೋಕೆ ಅದೊಂದೇ ಸಾಕಾಗಿತ್ತು. ಸ್ವೀಡನ್‌ನಲ್ಲಿ ನಮ್ಮಂಥೋರಿಗೆ 3 ವರ್ಷ, ನೆದರ್ಲೆಂಡ್ಸ್‌ನಲ್ಲಿ 5. ಇಲ್ಲಿ 3 ಅಂತಿಡಿ, ಮನೆ ಮಾಡ್ಕೊಂಡು ಇರೋರು ಯಾರು, ಬಂದು ಹೋಗೋರು ಯಾರು ಅಂತ ಅಷ್ಟರಲ್ಲಿ ಗೊತ್ತಾಗತ್ತೆ.

ಇನ್ನೊಂದು, ಇದು ಎಲ್ಲಕ್ಕಿಂತ ಮುಖ್ಯ. ಸಿಟಿಜನ್ ಅಲ್ಲದೋರ ವೋಟರ್ ಲಿಸ್ಟ್ ಅಂತ ಬೇರೆ ಮಾಡಿದ್ರೆ ಅದು ಇಮಿಗ್ರೇಷನ್ ಅಧಿಕಾರಿಗಳ ಕೈಗೆ ಹೋಗಲ್ಲ ಅಂತ ಏನು ಗ್ಯಾರಂಟಿ? ಬೇರೆ ಲಿಸ್ಟ್ ಬೇಡ ಅನ್ನೋಕೂ ಆಗಲ್ಲ, ಯಾಕಂದ್ರೆ ಗೊತ್ತಿಲ್ದೆ ಫೆಡರಲ್ (ಅಂದ್ರೆ ದೇಶದ ಮಟ್ಟದ) ಎಲೆಕ್ಷನ್ ಬ್ಯಾಲೆಟ್ ಮುಟ್ಟಿದ್ರೂ ಗಡೀಪಾರಾಗೋವರೆಗೆ ಹೋಗ್ಬಹುದು, ಹಕ್ಕು ಕೊಡ್ತೀವಿ ಅಂತ ಕರೆದು ಬಲೆಗೆ ಬೀಳಿಸಿದ ಹಾಗಾಗತ್ತೆ. ಹಾಗಾಗಿ ಬ್ಯಾಲೆಟ್ ಬೇರೆ ಇರ್ಲಿ, ಲಿಸ್ಟ್ ಯಾರು ನೋಡ್ಬಹುದು, ಎಷ್ಟು ದಿನ ಇಟ್ಕೋಬಹುದು ಅನ್ನೋದು ಕಾನೂನಲ್ಲೇ ಸ್ಪಷ್ಟವಾಗಿ ಬರೀರಿ. ಇದಕ್ಕೆ ಉತ್ತರ ಇಲ್ಲದ ಕಾನೂನು ಬಂದ್ರೆ, ನಿಜ ಹೇಳ್ತೀನಿ, ನಾನೇ ರಿಜಿಸ್ಟರ್ ಮಾಡ್ಸಲ್ಲ.

ಮುಂದಿನ ಸೆಷನ್‌ನಲ್ಲಿ ತಿದ್ದುಪಡಿ ಮಂಡಿಸ್ತೀರಾ ಇಲ್ವಾ, ಬೇರೆಯವರು ಮಂಡಿಸಿದ್ರೆ ಸಹಿ ಹಾಕ್ತೀರಾ ಇಲ್ವಾ, ಇಷ್ಟಕ್ಕೆ ಉತ್ತರ ಕೊಡಿ. ಇಂಗ್ಲಿಷ್‌ನಲ್ಲಿ ಕೊಟ್ರೂ ಪರವಾಗಿಲ್ಲ.

ಇತಿ,
ನಿಮ್ಮ ಕ್ಷೇತ್ರದಲ್ಲೇ ಇರೋ, ನಿಮಗೆ ವೋಟ್ ಹಾಕೋಕಾಗದ ಒಬ್ಬ ಕನ್ನಡಿಗ